ಪದಚರ್ಚೆ: ಕುಲಾಂತರಿ ಬದನೆಯೋ, ತಳಿ ಮಾರ್ಪಡಿಸಿದ ಬದನೆಯೋ?

ಅಕ್ಕ, ಬೀಜಮೇಳದ ಬೋರ್ಡಿನಲ್ಲಿ ಬಿ.ಟಿ. ಬದನೆಯನ್ನು ಏನಂತ ಕರೆಯಬೇಕು ಅಂತ ಕೇಳಿ ಕರಡು ಕಳಿಸಿದ್ದೀರಿ, ಬೋರ್ಡು ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು, ಚರ್ಚೆಯಲ್ಲಿ ಉಳಿದವರು ಎತ್ತಿದ ಆಕ್ಷೇಪಗಳ ಜೊತೆ ಜಗಳ ಆಮೇಲೆ. ಬೀಜಮೇಳದ ಬೋರ್ಡಿಗೆ "ಕುಲಾಂತರಿ ಬದನೆ" ಅಂತಲೇ ಬರೆಸಿ. ಪಕ್ಕದಲ್ಲಿ "ಬಿ.ಟಿ. ಬದನೆ" ಇರಲಿ. ಹತ್ತಿ ಬೆಳೆದವರಿಗೆ ಬಿ.ಟಿ. ಅನ್ನುವುದು ಬಾಯಿಗೆ ಬಂದ ಮಾತು.

> "ತಳಿ ಮಾರ್ಪಡಿಸಿದ ಬದನೆ" ಸಾಕಲ್ವಾ? ಎಲ್ಲರಿಗೂ ಅರ್ಥವಾಗುತ್ತದೆ.

ಸಾಲದು. ಅರ್ಥವಾಗುವುದು ತಪ್ಪು ಅರ್ಥ. ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿ ಇಡುತ್ತಾರಲ್ಲ, ವರ್ಷ ವರ್ಷ ಹಾಗೆ ಆರಿಸುತ್ತಾ ಬಂದರೆ ತಳಿ ಬದಲಾಗುತ್ತದೆ. ಹೈಬ್ರಿಡ್ ಕೂಡ ಬದನೆಗೆ ಬದನೆಯನ್ನೇ ಕೂಡಿಸಿ ಪಡೆದದ್ದು. ಬಿ.ಟಿ. ಬದನೆಯಲ್ಲಿ ಆದದ್ದು ಬೇರೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಇದರ ಮೊದಲಕ್ಷರಗಳೇ ಬಿ.ಟಿ.) ಎಂಬ ಬ್ಯಾಕ್ಟೀರಿಯಾದ ಜೀನನ್ನು, ಅಂದರೆ ಗುಣವನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವ ತುಣುಕನ್ನು, ತಂದು ಗಿಡಕ್ಕೆ ಸೇರಿಸಿದರು. ಆ ಜೀನಿನಿಂದ ಗಿಡದಲ್ಲೇ ಒಂದು ಪ್ರೋಟೀನು ತಯಾರಾಗುತ್ತದೆ, ಅದನ್ನು ತಿಂದ ಕಾಯಿ ಕೊರೆಯುವ ಹುಳು ಸಾಯುತ್ತದೆ.

ಇನ್ನೂ ಒಂದು ಮಾತಿದೆ. ಮಹಿಕೋ ಎಂಬ ಬೀಜದ ಕಂಪನಿಯ ಜೊತೆ ಸೇರಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಜೀನನ್ನು ಹಾಕಿದ್ದು ನಮ್ಮ ನಾಟಿ ತಳಿಗಳಿಗೇ. ಮಲಾಪುರ, ಕುಡಚಿ, ರಬಕವಿ, ಉಡುಪಿ ಎಲ್ಲವೂ ಅದರಲ್ಲಿದ್ದವು. ಜೀನು ಹೊಕ್ಕ ಮೇಲೂ ಕುಡಚಿ ಬದನೆ ಕುಡಚಿ ಬದನೆಯ ಹಾಗೇ ಇರಬೇಕು ಅನ್ನುವುದು ಉದ್ದೇಶ. ಅಂದರೆ ತಳಿ ಅದೇ. ದಾಟಿದ್ದು ಕುಲ. ಇದನ್ನು ಹೇಳುವ ಪದ ಕೈಯಲ್ಲೇ ಇರುವಾಗ ಇನ್ನೊಂದನ್ನು ಯಾಕೆ ಹುಡುಕಬೇಕು?

> "ಕುಲಾಂತರಿ" ವ್ಯಾಕರಣದಲ್ಲಿ ನಿಲ್ಲುವುದಿಲ್ಲ. "ಕುಲಾಂತರಿತ" ಆಗಬೇಕು.

ನಿಲ್ಲುತ್ತದೆ. ವ್ಯಾಪಾರಿ, ಸಹಕಾರಿ, ಸಂಚಾರಿ ನಿಂತ ಕಡೆ ಇದೂ ನಿಲ್ಲುತ್ತದೆ. ಭಾಷಾಂತರ, ಸ್ಥಳಾಂತರ ಗೊತ್ತಿದ್ದವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಬೀಜ, ಬೆಳೆ, ಹತ್ತಿ ಏನು ಸೇರಿಸಿದರೂ ನಾಲಿಗೆ ತೊಡರುವುದಿಲ್ಲ.

"ಕುಲ" ಅಂದರೆ ಜಾತಿಯ ವಾಸನೆ ಬರುತ್ತದೆ ಅಂತ ಒಬ್ಬರು ಬರೆದಿದ್ದಾರೆ. ಈ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಆ ಪದದಿಂದ ನೋವು ತಿಂದವರು ನಮ್ಮ ನಡುವೆ ಇದ್ದಾರೆ. ಆದರೆ ಗಿಡ, ಪ್ರಾಣಿಗಳ ಗುಂಪಿಗೂ ಕುಲ ಅನ್ನುವ ಬಳಕೆ ಇದೆ. ಬೀಜ ಅನ್ನುವ ಪದ ಜೊತೆಗಿದ್ದರೆ ಓದುವವರು ದಾರಿ ತಪ್ಪುವುದಿಲ್ಲ.

"ಪೀಳಿ" ತರೋಣ, ಜೀನ್ ಬೇಡ ಅನ್ನುವ ಗೆಳೆಯರಿಗೆ: ಪೀಳಿಗೆಯಿಂದ ಪೀಳಿ ಮಾಡಿದ್ದು ಚೆಂದವೇ. ಆದರೆ ಬೋರ್ಡಿನ ಮುಂದೆ ನಿಂತ ರೈತ ಅದನ್ನು ಯಾರ ಹತ್ತಿರ ಕೇಳಬೇಕು? ಪರಭಾಷೆಯ ಪದ ಬಂದರೆ ಕನ್ನಡ ಕೆಡುತ್ತದೆ ಅನ್ನುವವರು ಬದನೆಯ ದಾರಿಯನ್ನೇ ನೋಡಿ. ಕನ್ನಡದಲ್ಲಿ ಬದನೆ, ತಮಿಳಿನಲ್ಲಿ ವಳುದುಣೈ. ದಕ್ಷಿಣದ ಈ ಪದವೇ ಪರ್ಶಿಯನ್ ಬಾದಂಗಾನ್, ಅರಬಿ ಬಾದಿಂಜಾನ್, ಪೋರ್ಚುಗೀಸ್ ಬೆರಿಂಜೆಲಾ ಆಗಿ, ಕೊನೆಗೆ ಬ್ರಿಂಜಾಲ್ ಆಗಿ ನಮ್ಮ ಮಾರ್ಕೆಟ್ಟಿಗೇ ವಾಪಸು ಬಂತು ಅಂತ ಪದಗಳ ಮೂಲ ಹುಡುಕಿದವರು ಹೇಳುತ್ತಾರೆ. ಅಷ್ಟು ಭಾಷೆಗಳು ನಮ್ಮಿಂದ ಪಡೆದು ಉಳಿದಿವೆ. ಒಂದು ಜೀನ್ ಪಡೆದರೆ ನಾವೂ ಉಳಿಯುತ್ತೇವೆ.

"ವಿಷಬದನೆ" ಬೇಡವೇ ಬೇಡ. ಅದು ಹೆಸರಲ್ಲ, ತೀರ್ಪು. ನನಗೂ ಈ ಬದನೆ ಬೇಡ, ಆದರೂ ಬೋರ್ಡಿನಲ್ಲಿ ಇದನ್ನು ಒಪ್ಪಲಾರೆ.

ಈಗ ನಿಮ್ಮ ಕರಡಿನ ಎರಡು ತಪ್ಪುಗಳು.

"ಹಣ್ಣು ಮತ್ತು ಚಿಗುರು ಕೊರಕ" ಅಂತ ಬರೆದಿದ್ದೀರಿ. ಇಂಗ್ಲಿಷಿನಿಂದ ಹಾಗೇ ಇಳಿಸಿದ್ದು. ಬದನೆ ನಮಗೆ ಕಾಯಿ. ಹೆಚ್ಚುವಾಗ ನೀವೂ ನೋಡಿರುತ್ತೀರಿ: ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಕಂದು ಹಿಕ್ಕೆ ತುಂಬಿದ ದಾರಿ, ತುದಿಯಲ್ಲಿ ತೆಳು ಗುಲಾಬಿ ಬಣ್ಣದ ಹುಳು. ಗಿಡದಲ್ಲಿ ಅದೇ ಹುಳು ಹೊಕ್ಕ ಕುಡಿ ಬಾಡಿ ಜೋತುಬೀಳುತ್ತದೆ. "ಕುಡಿ ಮತ್ತು ಕಾಯಿ ಕೊರೆಯುವ ಹುಳು" ಅನ್ನಿ.

ಎರಡನೆಯದು ದೊಡ್ಡದು. "2010ರಲ್ಲಿ ಸರ್ಕಾರ ನಿಷೇಧಿಸಿತು" ಅಂತ ಇದೆ. ನಿಷೇಧ ಅಲ್ಲ, ತಡೆ. 2009ರ ಅಕ್ಟೋಬರ್ 14ರಂದು ಕೇಂದ್ರ ಸರ್ಕಾರದ ಅನುಮೋದನಾ ಸಮಿತಿ ಬೆಳೆಯಲು ಒಪ್ಪಿಗೆ ಕೊಟ್ಟಿತ್ತು. ಆಮೇಲೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿದರು. 2010ರ ಫೆಬ್ರವರಿ 9ರಂದು, ಸುರಕ್ಷತೆಯ ಬಗ್ಗೆ ಸ್ವತಂತ್ರ ಅಧ್ಯಯನಗಳಿಂದ ಭರವಸೆ ಮೂಡುವವರೆಗೆ ಬೇಡ ಅಂತ ತಡೆಹಿಡಿದರು. ನಿಷೇಧ ಅಂದರೆ ಮಾತು ಮುಗಿದ ಹಾಗೆ. ತಡೆ ಅಂದರೆ ಬಾಗಿಲಿಗೆ ಚಿಲಕ ಮಾತ್ರ ಹಾಕಿದ ಹಾಗೆ. ಪಕ್ಕದ ಬಾಂಗ್ಲಾದೇಶ 2013ರಲ್ಲೇ ಒಪ್ಪಿಗೆ ಕೊಟ್ಟು, ಮುಂದಿನ ವರ್ಷ ರೈತರಿಗೆ ಸಸಿ ಹಂಚಿತು. ರೈತರಿಗೆ ನಿಷೇಧ ಅಂತ ಹೇಳಿ ಸುಮ್ನೆ ಮನೆಗೆ ಕಳಿಸಬೇಡಿ ಅಕ್ಕ.

2025ರಲ್ಲಿ ಬಿಡುಗಡೆ ಮಾಡಿದ ಎರಡು ಭತ್ತದ ತಳಿಗಳನ್ನು ಇದೇ ಬೋರ್ಡಿಗೆ ಸೇರಿಸಬೇಡಿ. ಅಲ್ಲಿ ಭತ್ತದ್ದೇ ಜೀನನ್ನು ತಿದ್ದಿದ್ದಾರೆ, ಹೊರಗಿನದನ್ನು ಉಳಿಸಿಲ್ಲ. ಅವಕ್ಕೆ "ಕುಲಾಂತರಿ" ಹೊಂದುವುದಿಲ್ಲ, "ಜೀನ್ ತಿದ್ದಿದ ಭತ್ತ" ಅನ್ನಬಹುದು.

ಬೋರ್ಡಿಗೆ ಇಷ್ಟು ಸಾಕು:

ಕುಲಾಂತರಿ ಬದನೆ (ಬಿ.ಟಿ. ಬದನೆ)
ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ. ಭಾರತದಲ್ಲಿ 2010ರಿಂದ ತಡೆ ಇದೆ.

ಪ್ರಿಂಟಿಗೆ ಕೊಡುವ ಮೊದಲು ಲಾ ದೀರ್ಘ ನೋಡಿಕೊಳ್ಳಿ. ಹೋದ ಮೇಳದಲ್ಲಿ "ಕುಲಂತರಿ" ಅಂತ ಬಂದಿತ್ತು.