ಟೊರೊಂಟೊ ಚಳಿಯಾಗ ಮಗಳಿಗಿ ಉಷ್ಣ ಆಗ್ಯದಂತ, ಏನ್ ಉಣಸಲಿ?

ಸೇಡಂ ಕಡಿಯಾಕಿ, ಟೊರೊಂಟೊ
ನಮಸ್ಕಾರ್ರಿ ಎಲ್ಲರಿಗಿ. ಮಗಳಿಗಿ 4 ವರ್ಷ. ಈ ತಿಂಗಳದಾಗ ಮೂರು ಸಲ ಮೂಗಿನಾಗ ರಕ್ತ ಬಂತು. ನಿನ್ನಿ ಮುಂಜಾನಿ ತಲಿದಿಂಬಿನ ಮ್ಯಾಲ ರೂಪಾಯಿಯಷ್ಟು ಅಗಲ ಕಲಿ ನೋಡಿ ನನ್ನ ಕೈಕಾಲು ನಡುಗಿದ್ವು. ಕಲಬುರಗಿಯಿಂದ ಅತ್ತಿ, "ಕೂಸಿಂದು ಉಷ್ಣದ ಮೈ, ಪಿತ್ತ ಏರ್ಯದ. ಶೇಂಗಾ ಹಿಂಡಿ (ಚಟ್ನಿಪುಡಿ), ಎಳ್ಳು, ಬೆಲ್ಲ ಬಂದ್ ಮಾಡು. ಮಜ್ಜಿಗಿ, ಸಬ್ಜಾ ಬೀಜದ ನೀರು ಕುಡಸು" ಅಂತಾರ. ಹೊರಗ ಮೈನಸ್ 15 ಅದ. ಅತ್ತಿ ಮಾತು ತೆಗೆದು ಹಾಕಾಕ ಮನಸ್ಸಿಲ್ಲ. ಆದ್ರ ಹಿಂಡಿ ಇಲ್ಲದ ಈಕಿ ರೊಟ್ಟಿ ಮುಟ್ಟಂಗಿಲ್ಲ.

ಭಾಲ್ಕಿ ಅಕ್ಕ, ಮಿನಿಯಾಪೊಲಿಸ್
ಹೆದರಬ್ಯಾಡ ತಂಗಿ. ಹೀಟರಿನ ಗಾಳಿಗಿ ಮೂಗಿನ ಒಳಗ ಒಣಗಿ ಬಿರಿತದ. ಮಲಗೋ ಕೋಣ್ಯಾಗ ಹ್ಯುಮಿಡಿಫೈಯರ್, ಅಂದ್ರ ಗಾಳಿಗಿ ತೇವ ಕೊಡೋ ಮಷೀನ್ ಇಡು, ನೀರು ದಿನಾ ಬದಲಿಸು. ರಕ್ತ ಬಂದಾಗ ತಲಿ ಹಿಂದಕ ಮಾಡಿಸಬ್ಯಾಡ. ಮುಂದಕ ಬಗ್ಗಿಸಿ ಮೂಗಿನ ಮೆತ್ತನ ಭಾಗ 10 ನಿಮಿಷ ಒತ್ತಿ ಹಿಡಿ. ಮೂರು ಸಲ ಬಂದದಂದ್ರ ಡಾಕ್ಟರಿಗೂ ಒಮ್ಮಿ ತೋರಸು.

ಕಲಬುರಗಿ ಅಣ್ಣ, ಸಿಡ್ನಿ
ಮಷೀನ್ ಆಮ್ಯಾಲ ತಗೋರಿ, ಮೊದಲ ಇದನ್ನ ತಿಳಕೋರಿ. ಫೋನಿನಾಗ ಪ್ರಕೃತಿ, ಅಂದ್ರ ಮೈಗುಣ ಹೇಳಾಕ ಬರಂಗಿಲ್ಲ. ಆಯುರ್ವೇದದಾಗ ಸಣ್ಣ ವಯಸ್ಸು ಕಫದ ಕಾಲ, ನಡು ವಯಸ್ಸು ಪಿತ್ತದ್ದು, ಮುಪ್ಪು ವಾತದ್ದು. ಸಬ್ಜಾ, ಮಜ್ಜಿಗಿ ನಮ್ಮೂರಿನ ಮೇ ತಿಂಗಳ 42 ಡಿಗ್ರಿ ಬಿಸಲಿಗಿ ಹೇಳಿದ ಪಥ್ಯ. ಹೇಮಂತದಾಗ ಜಠರಾಗ್ನಿ ಜೋರು ಇರ್ತದ, ಜಿಡ್ಡಿಂದು, ಸಿಹಿದು, ಗಟ್ಟಿದು ಉಣ್ರಿ ಅಂತಾನ ಚರಕ. ಎಳ್ಳಮಾಸಿಗಿ ಸಜ್ಜಿ ರೊಟ್ಟಿ, ಭಜ್ಜಿ, ಸಂಕ್ರಾಂತಿಗಿ ಎಳ್ಳುಬೆಲ್ಲ ಸುಮ್ಮ ಬಂದಾವೇನು? ಎಳ್ಳು ಬಂದ್ ಮಾಡಲೇಬ್ಯಾಡ್ರಿ!

ಬೀದರ್ ಕಾಕಾ, ಲಂಡನ್
ನಮ್ಮ ಓಣಿ ಹಕೀಮ್ ಸಾಬರು ನಾಡಿ ಹಿಡದು ಮಿಜಾಜ್, ಅಂದ್ರ ಮೈಗುಣ ನೋಡತಿದ್ರು. ಅವರ ಯುನಾನಿ ವೈದ್ಯದಾಗ ಗರಮ್, ಸರ್ದ್ ಅಂದ್ರ ಬಿಸಿ, ತಂಪು ಎರಡೇ ಅಲ್ಲ, ಖುಷ್ಕ್, ತರ್ ಅಂದ್ರ ಒಣ, ಹಸಿ ಸೈತ ಅವ. ಕೂಸಿಂದು ಒಣದ್ದೇ ತ್ರಾಸ ಅನಸ್ತದ. ನನ್ನ ಮಗನಿಗಿ ನಾ ಇದ್ಯಾವುದೂ ಹೇಳಿ ಕೊಡಲಿಲ್ಲ. ಈಗ ಅವನಿಗಿ 22. ಜ್ವಾಳದ ರೊಟ್ಟಿ ಗಂಟಲಾಗ ಇಳಿವಲ್ದು ಅಂತಾನ. ನಾ ಕೆಲಸ ಕೆಲಸ ಅಂತ ಓಡ್ಯಾಡಿದ್ದು ತಪ್ಪಾಯ್ತು.

ಯಾದಗಿರಿ, ಡಲ್ಲಾಸ್
ಕಾಕಾ, ನನ್ನ ಇಬ್ಬರೂ ಮಕ್ಕಳು ಪುಂಡಿಪಲ್ಯ ರೊಟ್ಟಿ ಕೇಳಿ ಉಣ್ತಾವ. ಬ್ಯಾಳಿ ಮಾತ್ರ ನಮ್ಮ ಕಡಿದೇ ಇರಬೇಕು, ಗುಲ್ಬರ್ಗಾ ತೊಗರಿಗಿ 2019ರಾಗ ಜಿಐ ಟ್ಯಾಗ್ (ಆ ಊರಿನ ಮಾಲು ಅನ್ನೋ ಸರಕಾರಿ ಗುರುತು) ಸಿಕ್ಕದ.

ಕಲಬುರಗಿ ಅಣ್ಣ, ಸಿಡ್ನಿ
ಬ್ಯಾಳಿ ಮಾತು ಬಿಡ್ರಿ. ಋತು ನೋಡಿ ಉಣಸದೇ ಇದ್ರ ಯಾವ ಬ್ಯಾಳಿ ತಂದ್ರೂ ಅಷ್ಟೇ. ರಾತ್ರಿ ಮಸರಂತೂ ಕೊಡಲೇಬ್ಯಾಡ್ರಿ, ಶಾಸ್ತ್ರದಾಗೇ ನಿಷೇಧ ಅದ.

ಯಾದಗಿರಿ, ಡಲ್ಲಾಸ್
ನಮ್ಮ ಮನ್ಯಾಗ ಮೂರು ತಲಿ ರಾತ್ರಿ ಮಸರನ್ನ ಉಂಡದ ಅಣ್ಣಾ, ಯಾರಿಗಿ ಏನಾಗ್ಯದ?

ಸೇಡಂ ಕಡಿಯಾಕಿ, ಟೊರೊಂಟೊ
ಇವತ್ತ ಹಿಂಡಿ ಹಚ್ಚಿ ಕೊಟ್ಟೆ, ಎರಡು ರೊಟ್ಟಿ ಉಂಡಳು. ಭಾಲ್ಕಿ ಅಕ್ಕ, ಕೋಣಿ 10 ಬೈ 12 ಅದ, ಮಷೀನ್ ಎಷ್ಟು ಲೀಟರಿಂದು ತರಲಿ? ನೋಡಿದ ಕೂಡಲೇ ಹೇಳ್ರಿ, ಸಂಜಿಕ ಅಂಗಡಿಗಿ ಹೊಂಟೀನಿ.