ಸಹಾಯ ಬೇಕು: ಪಂಗಡ ಬಿಟ್ಟರೂ ಭಯ ಬಿಟ್ಟಿಲ್ಲ

ನಾನು ಬೆಳೆದದ್ದು ಬಹಳ ಕಟ್ಟುನಿಟ್ಟಿನ ಧಾರ್ಮಿಕ ಪಂಗಡವೊಂದರಲ್ಲಿ. ಹೊರಗಿನವರ ಗೆಳೆತನ, ಹಾಡು, ಕಥೆಪುಸ್ತಕ ಎಲ್ಲವೂ ನಿಷಿದ್ಧ. 14ನೇ ವಯಸ್ಸಿನಲ್ಲಿ ಹಾಸಿಗೆಯಡಿ ಬಚ್ಚಿಟ್ಟ ಕಾದಂಬರಿ ಸಿಕ್ಕಿಬಿದ್ದಾಗ, ಸಭೆಯೆದುರು ನಿಲ್ಲಿಸಿ ನನ್ನ ಕೈಯಿಂದಲೇ ಒಂದೊಂದು ಹಾಳೆಯನ್ನೂ ಹರಿದುಹಾಕಿಸಿದರು. ಆ ಪರಪರ ಸದ್ದು ಇನ್ನೂ ಕಿವಿಯಲ್ಲಿದೆ.

ಹೊರಬಂದು 20 ವರ್ಷವಾಯಿತು. ನಂಬಿಕೆ ಬದಲಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆಯೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಹೇಳುತ್ತದೆ, ಓದಿ ಅತ್ತಿದ್ದೆ. ಆದರೂ ಪುಸ್ತಕ ತೆರೆದರೆ ಹಿಂದೆ ಯಾರೋ ನಿಂತಂತೆ ಬೆನ್ನು ಬಿಗಿಯುತ್ತದೆ. ಅಲ್ಲಿನ ಪ್ರೀತಿ ಸುಳ್ಳೆಂದು ಹೇಳಲಾರೆ. ಜ್ವರದಲ್ಲಿ ರಾತ್ರಿಯಿಡೀ ನನ್ನ ಪಕ್ಕ ಕುಳಿತವರೂ ಅವರೇ.

ಇಂಥ ಬಾಲ್ಯ ಕಳೆದವರು ಇಲ್ಲಿದ್ದೀರಾ? ನಿಮ್ಮ ಭಯ ಹೇಗೆ ಇಳಿಯಿತು? ಆಪ್ತಸಮಾಲೋಚನೆಯಿಂದ ಪ್ರಯೋಜನವಾಯಿತೇ? ಇನ್ನೂ ಒಳಗೇ ಇರುವ ತಂಗಿಗೆ ನೋವಾಗದಂತೆ ಮೊದಲ ಪತ್ರವನ್ನು ಹೇಗೆ ಬರೆಯಲಿ? ದಯವಿಟ್ಟು ತಿಳಿಸಿ.