ಕ್ಲೋರಿನ್ 35.5 ಅಂದ್ರೆ ಹದಿನೆಂಟೂವರೆ ನ್ಯೂಟ್ರಾನಾ?

ಮಲ್ಪೆ_ಪಿಯುಸಿ

ಫಸ್ಟ್ ಪಿಯುಸಿ ಪಾಠದಲ್ಲಿ ಎರಡು ಡೌಟ್ ಉಂಟು. ಕ್ಲೋರಿನ್‌ನ ಪರಮಾಣು ಸಂಖ್ಯೆ 17, ಆವರ್ತ ಕೋಷ್ಟಕದಲ್ಲಿ ಪರಮಾಣು ರಾಶಿ 35.5. ಕಳೆದರೆ 18.5 ನ್ಯೂಟ್ರಾನ್ ಬರ್ತದೆ. ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು? ಇನ್ನೊಂದು, ಕ್ಲೋರೈಡ್ ಅಯಾನಿನಲ್ಲಿ 18 ಅಂತಾರೆ, ಕ್ಲೋರಿನ್-35ರಲ್ಲೂ 18 ಅಂತಾರೆ. ಹಾಗಾದ್ರೆ ಎರಡೂ ಒಂದೇನಾ? ಅಯಾನು, ಐಸೋಟೋಪು ಎಲ್ಲ ಕಲಸಿ ಮಂಡೆಬಿಸಿ ಆಗಿದೆ. ಲೆಕ್ಕ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಿದ್ದವರು ಹೇಳಿ.

ಕುಡ್ಲ_ರಸಾಯನ

ಅರ್ಧ ನ್ಯೂಟ್ರಾನ್ ಅಂತ ಎಂತದ್ದೂ ಇಲ್ಲ ಮಾರಾಯ್ರೆ. 35.5 ಯಾವ ಒಂದು ಪರಮಾಣುವಿನ ರಾಶಿಯೂ ಅಲ್ಲ, ಸರಾಸರಿ. ನಿಸರ್ಗದ ಕ್ಲೋರಿನ್‌ನಲ್ಲಿ ಶೇ. 75.8ರಷ್ಟು ಕ್ಲೋರಿನ್-35 (17 ಪ್ರೋಟಾನ್, 18 ನ್ಯೂಟ್ರಾನ್), ಶೇ. 24.2ರಷ್ಟು ಕ್ಲೋರಿನ್-37 (17 ಪ್ರೋಟಾನ್, 20 ನ್ಯೂಟ್ರಾನ್). ಹೀಗೆ ಪ್ರೋಟಾನ್ ಒಂದೇ ಇದ್ದು ನ್ಯೂಟ್ರಾನ್ ಬೇರೆ ಇರುವಂಥವೇ ಐಸೋಟೋಪು. ಕಳೆಯಲಿಕ್ಕೆ ಬೇಕಾದದ್ದು ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಎರಡರ ಒಟ್ಟು), ಅದು ಯಾವತ್ತೂ ಪೂರ್ಣಾಂಕ. ದಶಮಾಂಶ ಕಂಡರೆ ಅದರಿಂದ ಕಳೆಯಬೇಡಿ. 35.5ನ್ನು 36 ಮಾಡಿ '19 ನ್ಯೂಟ್ರಾನ್' ಅಂತ ಬರೆಯುವವರೂ ಇದ್ದಾರೆ. ಅದು ಇನ್ನೂ ಕಷ್ಟ: ಕ್ಲೋರಿನ್-36 ವಿಕಿರಣಶೀಲ, ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಎರಡು 18ರ ವಿಷಯ: ಅಯಾನು ಅಂದ್ರೆ ಎಲೆಕ್ಟ್ರಾನ್ ಪಡೆದು ಅಥವಾ ಕಳೆದುಕೊಂಡು ಆವೇಶ ಬಂದ ಪರಮಾಣು. ಅಯಾನಿನ 18 ಎಲೆಕ್ಟ್ರಾನ್‌ನದ್ದು, ಕ್ಲೋರಿನ್-35ರ 18 ನ್ಯೂಟ್ರಾನ್‌ನದ್ದು. ಒಂದೇ ಅಂಕಿ ಬಂದದ್ದು ಕಾಕತಾಳೀಯ. ಕ್ಲೋರಿನ್-37ರ ಕ್ಲೋರೈಡ್ ತೆಗೆದುಕೊಳ್ಳಿ: 17 ಪ್ರೋಟಾನ್, 20 ನ್ಯೂಟ್ರಾನ್, 18 ಎಲೆಕ್ಟ್ರಾನ್. ನಿಮ್ಮ ಮಲ್ಪೆಯ ಸಮುದ್ರದ ನೀರನ್ನೇ ನೋಡಿ. ಕಿಲೋಗೆ ಸುಮಾರು 19 ಗ್ರಾಂ ಕ್ಲೋರೈಡ್. ಅದರಲ್ಲಿ 35 ಮತ್ತು 37 ಹೆಚ್ಚುಕಡಿಮೆ 3:1ರಲ್ಲಿ ಬೆರೆತಿರ್ತವೆ, ಆದರೆ ಪ್ರತಿಯೊಂದು ಅಯಾನಿನಲ್ಲೂ ಎಲೆಕ್ಟ್ರಾನ್ ಹದಿನೆಂಟೇ.

ಲೆಕ್ಕಕ್ಕೆ ಧಾತುವಿನ ಹೆಸರಿನಿಂದ ಶುರು ಮಾಡಿ. ಹೆಸರು ಹೇಳಿದ ಕೂಡಲೇ ಪ್ರೋಟಾನ್ ನಿಕ್ಕಿ ಆಯ್ತು. ರಾಶಿ ಸಂಖ್ಯೆಯಿಂದ ಅದನ್ನು ಕಳೆದರೆ ನ್ಯೂಟ್ರಾನ್. ಆವೇಶವನ್ನು ಕೊನೆಗೆ ಮುಟ್ಟಿ: ಪ್ರೋಟಾನ್‌ನಿಂದ ಆವೇಶವನ್ನು ಚಿಹ್ನೆ ಸಮೇತ ಕಳೆದರೆ ಎಲೆಕ್ಟ್ರಾನ್. ಕ್ಲೋರೈಡ್‌ಗೆ 17 − (−1) = 18, ಸೋಡಿಯಂ ಅಯಾನಿಗೆ 11 − (+1) = 10. ಪ್ಲಸ್ ಕಂಡ ಕೂಡಲೇ ಎಲೆಕ್ಟ್ರಾನ್ ಕೂಡಿಸುವುದೇ ಹೆಚ್ಚಿನವರು ಮಾಡುವ ತಪ್ಪು.

ಹಂಚಿನ_ಮಾಡು

ಮೇಲಿನದ್ದು ಸರಿ ಉಂಟು. ಎರಡು ಮಾತು ಸೇರಿಸ್ತೇನೆ.

ಸರಾಸರಿಯಿಂದ ಹಿಂದಕ್ಕೆ ಹೋಗಿ ಕ್ಲೋರಿನ್-35ರ ಪ್ರಮಾಣ ಕಂಡುಹಿಡಿಯುವ ಲೆಕ್ಕ ಬಂದರೆ ಜಾಗ್ರತೆ. 35.5, 35, 37 ಹಾಕಿದರೆ ಶೇ. 75 ಬರ್ತದೆ, ಪರೀಕ್ಷೆಗೆ ಸಾಕು. ಹೆಚ್ಚು ನಿಖರ ಆಗಲಿ ಅಂತ 35.45 ಹಾಕಿ, 35 ಮತ್ತು 37ನ್ನು ಹಾಗೇ ಬಿಟ್ಟರೆ ಶೇ. 77.5 ಆಗಿಬಿಡ್ತದೆ! ಯಾಕಂದ್ರೆ ನಿಜವಾದ ರಾಶಿಗಳು 34.969 ಮತ್ತು 36.966. ಸರಾಸರಿಯನ್ನು 35.453 ಅಂತ ತೆಗೆದುಕೊಂಡು ಇವನ್ನು ಹಾಕಿದರೆ 75.8 ಸರಿಯಾಗಿ ಬರ್ತದೆ. ಒಂದನ್ನು ಮಾತ್ರ ನಿಖರ ಮಾಡಿ ಇನ್ನೊಂದನ್ನು ಬಿಡಬಾರದು.

ಇನ್ನು ಕಬ್ಬಿಣ. ಮಂಗಳೂರು ಹಂಚಿನ ಕೆಂಪು ಬಣ್ಣ ಫೆರಿಕ್ ಅಯಾನು ಇರುವ ಕಬ್ಬಿಣದ ಆಕ್ಸೈಡಿನದ್ದು. ಕಬ್ಬಿಣ-56ರಲ್ಲಿ 26 ಪ್ರೋಟಾನ್, 30 ನ್ಯೂಟ್ರಾನ್. ಫೆರಿಕ್ ಆವೇಶ +3, ಹಾಗಾಗಿ 23 ಎಲೆಕ್ಟ್ರಾನ್. ಎಲೆಕ್ಟ್ರಾನ್‌ಗಳು ಯಾವ ಕವಚದಲ್ಲಿ ಎಷ್ಟು ಅಂತ ವಿನ್ಯಾಸ ಬರೆಯುವಾಗ ಮಕ್ಕಳು ಹೋದ ಮೂರನ್ನೂ 3ಡಿ ಅನ್ನುವ ಉಪಕವಚದಿಂದ ತೆಗೀತಾರೆ. ತುಂಬುವಾಗ 4ಎಸ್ ಮೊದಲು, ನಿಜ. ಆದರೆ ಹೋಗುವಾಗಲೂ 4ಎಸ್ಸೇ ಮೊದಲು, ಅದು ಹೊರಗಿನ ಕವಚ. 4ಎಸ್‌ನ ಎರಡು, ಮತ್ತೆ 3ಡಿಯ ಒಂದು ಹೋದರೆ 3ಡಿಯಲ್ಲಿ ಐದು ಉಳೀತವೆ.

ಮಲ್ಪೆ_ಪಿಯುಸಿ

ಥ್ಯಾಂಕ್ಸ್ ಸರ್, ಎರಡು 18ರ ಗೊಂದಲ ಹೋಯ್ತು. ಅಯಾನು ಅಂದ್ರೆ ವಿಕಿರಣ ಸೂಸುವಂಥದ್ದು ಅಂತ ಒಬ್ಬರು ಹೇಳಿದ್ರು. ಹೌದಾ?

ಕುಡ್ಲ_ರಸಾಯನ

ಅಲ್ಲ. ವಿಕಿರಣಕ್ಕೆ ಅಯಾನು ಮಾಡುವ ಶಕ್ತಿ ಉಂಟು, ಅಷ್ಟಕ್ಕೇ ಅಯಾನು ವಿಕಿರಣ ಬಿಡ್ತದೆ ಅಂತಲ್ಲ. ಊಟದ ಉಪ್ಪು ಪೂರ್ತಿ ಅಯಾನುಗಳೇ. ಅದರ ಸೋಡಿಯಂ-23, ಕ್ಲೋರಿನ್-35, 37 ಮೂರೂ ಸ್ಥಿರ.

ಅಯಾನು, ವಿಕಿರಣ ಎರಡೂ ಒಟ್ಟಿಗೆ ಇರುವ ಉದಾಹರಣೆ ಬೇಕಿದ್ದರೆ ಉಳ್ಳಾಲದ ಕಡಲತೀರದ ಮರಳಿನ ಮೊನಜೈಟ್ ಅನ್ನುವ ಖನಿಜ ಉಂಟು. ಅದರೊಳಗಿನ ಥೋರಿಯಂ-232 ಇರುವುದು +4 ಅಯಾನಾಗಿ: 90 ಪ್ರೋಟಾನ್, 142 ನ್ಯೂಟ್ರಾನ್, 86 ಎಲೆಕ್ಟ್ರಾನ್. ವಿಕಿರಣ ಬರುವುದು ನ್ಯೂಕ್ಲಿಯಸ್ಸಿನಿಂದ. ಆಲ್ಫಾ ಕಣದ ಜೊತೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಹೋಗಿ ರೇಡಿಯಂ-228 ಉಳೀತದೆ. ಥೋರಿಯಂ-232ರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಹೀಗೆ ಬದಲಾಗಲಿಕ್ಕೆ ಬೇಕಾದ ಕಾಲ) ಸುಮಾರು 1,400 ಕೋಟಿ ವರ್ಷ. ಅಯಾನಾಗುವಾಗ ಹೋದ ನಾಲ್ಕು ಎಲೆಕ್ಟ್ರಾನ್‌ಗಳನ್ನು ವಾಪಸ್ ಕೊಟ್ಟು ಥೋರಿಯಂ ಲೋಹ ಮಾಡಿದರೂ ಆ ಅವಧಿ ಬದಲಾಗುವುದಿಲ್ಲ.